600 ಮಿ.ಮೀ. ಲೆನ್ಸಿಗೆ ಹಗುರವಾಗಿಯೂ ಗಟ್ಟಿಯಾಗಿಯೂ ಇರುವ ಟ್ರೈಪಾಡ್: ಯಾವುದನ್ನು ಕೊಳ್ಳಲಿ?

ಹೆಬ್ಬಾತು_ಲಕ್ಷ್ಮೇಶ್ವರ · ಭಾನುವಾರ ರಾತ್ರಿ 8.40

ಎಲ್ಲರಿಗೂ ನಮಸ್ಕಾರ. ನಾನು ಇಲ್ಲಿ ಬರೆಯುತ್ತಿರುವುದು ಇದೇ ಮೊದಲು. ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ, ವಯಸ್ಸು ಐವತ್ತೆರಡು. ಚಳಿಗಾಲದಲ್ಲಿ ಹಿಮಾಲಯ ದಾಟಿ ಮಾಗಡಿ ಕೆರೆಗೆ ಬಂದಿಳಿಯುವ ಪಟ್ಟೆತಲೆ ಹೆಬ್ಬಾತುಗಳ ಹಿಂದೆ ಮೂರು ವರ್ಷದಿಂದ ಬಿದ್ದಿದ್ದೇನೆ. ರಜೆಯ ದಿನ ಬೆಳಿಗ್ಗೆ ಎದ್ದವನೇ ಕೆರೆಗೆ ಹೊರಡುತ್ತೇನೆ.

ನನ್ನ ಬಳಿ ನಿಕಾನ್ ಡಿ7500 ಕ್ಯಾಮೆರಾ ಮತ್ತು ಸಿಗ್ಮಾ 150-600 ಕಂಟೆಂಪರರಿ ಲೆನ್ಸ್ ಇವೆ. ಐದು ವರ್ಷದ ಹಿಂದೆ ಕೊಂಡ ಅಲ್ಯೂಮಿನಿಯಂ ಟ್ರೈಪಾಡ್ ಇದೆ. ಐದು ಮಡಿಕೆಯ ಕಾಲುಗಳು, ತೂಕ 1.4 ಕಿಲೋ, ಡಬ್ಬಿಯ ಮೇಲೆ ‘8 ಕಿಲೋ ಭಾರ ಹೊರುತ್ತದೆ’ ಎಂದು ಬರೆದಿದೆ. ಆದರೂ 600ಕ್ಕೆ ಎಳೆದ ಚಿತ್ರಗಳು ಚೂಪಾಗಿ ಬರುತ್ತಿಲ್ಲ. ಹೆಬ್ಬಾತಿನ ಬಿಳಿ ತಲೆಯ ಹಿಂಭಾಗದಲ್ಲಿ ಎರಡು ಕಪ್ಪು ಪಟ್ಟೆಗಳಿವೆಯಲ್ಲ, ಅವುಗಳ ಅಂಚು ಒಮ್ಮೆಯೂ ಸ್ಪಷ್ಟವಾಗಿ ಮೂಡಿಲ್ಲ. ಕೈಯಲ್ಲಿ ಹಿಡಿದು ತೆಗೆಯೋಣವೆಂದರೆ ಹತ್ತು ನಿಮಿಷದಲ್ಲಿ ಭುಜ ಸೋಲುತ್ತದೆ.

ಕೆರೆಯ ಒಡ್ಡಿನ ಮೇಲೆ ಎರಡು ಕಿಲೋಮೀಟರ್ ನಡೆಯಬೇಕು. ಸೊಂಟ ನೋವಿರುವುದರಿಂದ ಟ್ರೈಪಾಡ್ ಮತ್ತು ಅದರ ಮೇಲೆ ಲೆನ್ಸನ್ನು ಹಿಡಿದು ತಿರುಗಿಸುವ ಹೆಡ್ ಸೇರಿ 2.5 ಕಿಲೋ ದಾಟಬಾರದು. ಎರಡಕ್ಕೂ ಸೇರಿ 45 ಸಾವಿರ ರೂಪಾಯಿ ಕೂಡಿಟ್ಟಿದ್ದೇನೆ. ಇನ್ನೊಮ್ಮೆ ಕೊಳ್ಳುವ ಶಕ್ತಿ ಇಲ್ಲ, ಆದ್ದರಿಂದ ಈ ಸಲ ತಪ್ಪಬಾರದು. ಅನುಭವವಿದ್ದವರು ದಯವಿಟ್ಟು ತಿಳಿಸಿ.

ಕೊಕ್ಕರೆ_ಹಾದಿ · ಭಾನುವಾರ ರಾತ್ರಿ 9.15

ಸ್ವಾಗತ ಮೇಷ್ಟ್ರೇ. ನಾನು ಮದ್ದೂರು ಕಡೆಯವನು. ಕೊಕ್ಕರೆಬೆಳ್ಳೂರಿನ ಹೆಜ್ಜಾರ್ಲೆಗಳ ಗೂಡುಗಳನ್ನು ಹಲವು ವರ್ಷಗಳಿಂದ ಚಿತ್ರಿಸುತ್ತಿದ್ದೇನೆ. ಯಾವ ಟ್ರೈಪಾಡ್ ಎಂದು ಹೇಳುವುದಕ್ಕೆ ಮುಂಚೆ ಕೆಲವು ವಿಷಯ ತಿಳಿಯಬೇಕು. ಹಕ್ಕಿಗಳು ಎಷ್ಟು ದೂರದಲ್ಲಿರುತ್ತವೆ? ಎಷ್ಟು ಹೊತ್ತಿಗೆ ಚಿತ್ರ ತೆಗೆಯುತ್ತೀರಿ? ಶಟರ್ ವೇಗ ಎಷ್ಟು? ನಡುವಿನ ಕಂಬವನ್ನು ಮೇಲೆತ್ತುತ್ತೀರಾ? ಅಲುಗಾಟ ತಗ್ಗಿಸುವ ಲೆನ್ಸಿನ ಸ್ಟೆಬಿಲೈಸರ್ ಆನ್ ಇರುತ್ತದೆಯೇ? ನಿಮ್ಮ ಎತ್ತರ ಎಷ್ಟು?

ಒಂದು ಮಾತನ್ನು ಈಗಲೇ ಹೇಳಿಬಿಡುತ್ತೇನೆ. ಡಬ್ಬಿಯ ಮೇಲಿನ ಕಿಲೋ ಲೆಕ್ಕವನ್ನು ಮರೆತುಬಿಡಿ. ಅದನ್ನು ಅಳೆಯಲು ಎಲ್ಲ ಕಂಪನಿಗಳೂ ಒಪ್ಪಿ ನಡೆಯುವ ಒಂದೇ ವಿಧಾನ ಇಲ್ಲ. ಅಷ್ಟು ಭಾರ ಇಟ್ಟರೆ ಟ್ರೈಪಾಡ್ ಕುಸಿಯುವುದಿಲ್ಲ ಎಂಬುದಷ್ಟೇ ಅದರ ಅರ್ಥ. ನಮಗೆ ಬೇಕಿರುವುದು ಕುಸಿಯದ ಟ್ರೈಪಾಡ್ ಅಲ್ಲ, ಅಲುಗದ ಟ್ರೈಪಾಡ್.

ಹೆಬ್ಬಾತು_ಲಕ್ಷ್ಮೇಶ್ವರ · ಭಾನುವಾರ ರಾತ್ರಿ 9.50

ಧನ್ಯವಾದಗಳು ಸರ್. ದೂರ ನೂರರಿಂದ ನೂರೈವತ್ತು ಮೀಟರ್. ಹೊತ್ತು ಸಾಮಾನ್ಯವಾಗಿ ಒಂಬತ್ತೂವರೆಯಿಂದ ಹನ್ನೊಂದು. ಶಟರ್ ವೇಗ 1/250 ಅಥವಾ 1/400 ಸೆಕೆಂಡು. ನಾನು ಐದು ಅಡಿ ಹತ್ತು ಅಂಗುಲ ಇದ್ದೇನೆ, ಬಗ್ಗಿದರೆ ಸೊಂಟ ಹಿಡಿಯುವುದರಿಂದ ನಡುವಿನ ಕಂಬವನ್ನು ಪೂರ್ತಿ ಎತ್ತುತ್ತೇನೆ. ಸ್ಟೆಬಿಲೈಸರ್ ಸದಾ ಆನ್ ಇರುತ್ತದೆ. ಹೆಡ್ ಟ್ರೈಪಾಡಿನ ಜೊತೆಗೇ ಬಂದ ಸಣ್ಣ ಬಾಲ್ ಹೆಡ್ (ಗುಂಡಿನ ಮೇಲೆ ಎಲ್ಲ ಕಡೆಗೂ ತಿರುಗುವಂಥದ್ದು).

ಪೀಣ್ಯ_ಫಿಟ್ಟರ್ · ಭಾನುವಾರ ರಾತ್ರಿ 11.05

ಸರ್, ಇಪ್ಪತ್ತೆಂಟು ವರ್ಷದಿಂದ ಲೇತ್ ಮುಂದೆ ನಿಂತವನು ನಾನು. ಪೈಪ್ ಎಂಬ ವಸ್ತು ಹೇಗೆ ಬಾಗುತ್ತದೆ, ಹೇಗೆ ತಿರುಚಿಕೊಳ್ಳುತ್ತದೆ ಎಂಬುದು ನನ್ನ ದಿನನಿತ್ಯದ ಕೆಲಸ. ಟ್ರೈಪಾಡ್ ಎಂದರೆ ಮೂರು ಪೈಪುಗಳು. ಅದನ್ನು ಹಾಗೆಯೇ ನೋಡೋಣ.

ಮೊದಲು ಎಷ್ಟು ಅಲುಗಾಟ ಎಷ್ಟು ಹಾನಿ ಮಾಡುತ್ತದೆ ಎಂಬುದು. ನಿಮ್ಮ ಲೆನ್ಸ್ ಹೆಚ್ಚುಕಡಿಮೆ ಒಂದು ಅಡಿ ಉದ್ದ. ಅದರ ಹಿಂದಿನ ತುದಿ ಅಲ್ಲೇ ಇದ್ದು ಮುಂದಿನ ತುದಿ ಒಂದು ಕೂದಲಿನ ದಪ್ಪದಷ್ಟು ಪಕ್ಕಕ್ಕೆ ಸರಿಯಿತು ಎಂದುಕೊಳ್ಳಿ. ಕೋನದಲ್ಲಿ ಅದು ಒಂದು ಡಿಗ್ರಿಯ ಅರವತ್ತನೇ ಒಂದು ಭಾಗ. ನೂರಿಪ್ಪತ್ತು ಮೀಟರ್ ದೂರದಲ್ಲಿ ಅಷ್ಟೇ ಕೋನ ಮೂರೂವರೆ ಸೆಂಟಿಮೀಟರ್ ಆಗುತ್ತದೆ. ನಿಮ್ಮ ಹೆಬ್ಬಾತಿನ ತಲೆಯ ಪಟ್ಟೆ ಅದಕ್ಕಿಂತ ಕಿರಿದು. ಡಿ7500ರ ಸೆನ್ಸರ್ ಮೇಲೆ ಲೆಕ್ಕ ಹಾಕಿದರೆ ಸುಮಾರು ನಲವತ್ತು ಪಿಕ್ಸೆಲ್ ಜಾರಿದಂತೆ. ಚಿತ್ರ ಚೂಪಾಗಿರಬೇಕಾದರೆ ಶಟರ್ ತೆರೆದಿರುವಷ್ಟು ಹೊತ್ತು ಆ ಕೂದಲೆಳೆಯ ನಲವತ್ತನೇ ಒಂದು ಭಾಗದಷ್ಟೇ ಅಲುಗಾಟಕ್ಕೆ ಅವಕಾಶ. ಭಾರ ಹೊರುವ ಪ್ರಶ್ನೆ ಇಲ್ಲಿ ಬರುವುದೇ ಇಲ್ಲ. ನಿಮ್ಮ ಕ್ಯಾಮೆರಾ ಮತ್ತು ಲೆನ್ಸ್ ಸೇರಿ 2.7 ಕಿಲೋದ ಒಳಗಿವೆ, ಅಷ್ಟನ್ನು ಮನೆಯ ಸ್ಟೂಲೂ ಹೊರುತ್ತದೆ.

ಈಗ ಪೈಪಿನ ವಿಷಯ. ಗೋಡೆಯ ದಪ್ಪ ಒಂದೇ ಇಟ್ಟುಕೊಂಡು ವ್ಯಾಸ ಹೆಚ್ಚಿಸಿದರೆ ಪೈಪಿನ ಬಿಗಿ, ಅಂದರೆ ಬಾಗದೆ ನಿಲ್ಲುವ ಗುಣ, ವ್ಯಾಸದ ಘನಕ್ಕೆ ತಕ್ಕಂತೆ ಏರುತ್ತದೆ. 28 ಮಿ.ಮೀ. ಬದಲು 32 ಮಿ.ಮೀ. ತೆಗೆದುಕೊಂಡರೆ ಬಿಗಿ ಸುಮಾರು ಒಂದೂವರೆ ಪಟ್ಟು. ತೂಕ ಏರುವುದು ಏಳರಲ್ಲಿ ಒಂದು ಪಾಲು ಮಾತ್ರ. ಇಷ್ಟು ಲಾಭದ ವ್ಯಾಪಾರ ಛಾಯಾಗ್ರಹಣದಲ್ಲಿ ಬೇರೆಲ್ಲೂ ಇಲ್ಲ ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ.

ಇದೇ ನಿಯಮ ಕೆಳಮುಖವಾಗಿಯೂ ನಡೆಯುತ್ತದೆ. ನಿಮ್ಮದು ಐದು ಮಡಿಕೆಯ ಕಾಲು. ಮೇಲಿನ ಪೈಪ್ 25 ಮಿ.ಮೀ. ಇರಬಹುದು, ಒಂದರೊಳಗೆ ಒಂದು ಕೂರಬೇಕಾದ್ದರಿಂದ ಪ್ರತಿ ಮಡಿಕೆಗೂ ಮೂರು ಮಿ.ಮೀ. ಕಡಿಮೆಯಾದರೆ ಕೊನೆಯದು 13 ಮಿ.ಮೀ. ಮೇಲಿನ ಪೈಪಿಗೆ ಹೋಲಿಸಿದರೆ ಅದರ ಬಿಗಿ ಏಳನೇ ಒಂದು ಭಾಗ. ನೆಲ ಮುಟ್ಟಿಕೊಂಡು ನಿಂತಿರುವುದು ಅದೇ. ಅಂಗಡಿಯಲ್ಲಿ ಎಲ್ಲರೂ ಮೇಲಿನ ಪೈಪನ್ನು ಹಿಡಿದು ಗಟ್ಟಿ ಎನ್ನುತ್ತಾರೆ. ಸರ್, ಕೊನೆಯ ಮಡಿಕೆಯನ್ನು ಎಳೆದು ಅದನ್ನು ಹಿಡಿದು ನೋಡಿ.

ನಡುವಿನ ಕಂಬ ಇನ್ನೂ ಕೆಟ್ಟದ್ದು. ಮೂರು ಕಾಲಿನ ಮೇಲೆ ಒಂಟಿ ಕೋಲು ನೆಟ್ಟು ಅದರ ತುದಿಯಲ್ಲಿ ಲೆನ್ಸ್ ಕೂರಿಸಿದಂತೆ. ಪೂರ್ತಿ ಎತ್ತಿದಾಗ ಕಾಲುಗಳು ಎಷ್ಟು ಗಟ್ಟಿ ಎಂಬುದಕ್ಕೆ ಬೆಲೆಯೇ ಉಳಿಯುವುದಿಲ್ಲ.

ಆದ್ದರಿಂದ ನನ್ನ ಸಲಹೆ: ಮೇಲಿನ ಪೈಪ್ 32 ಮಿ.ಮೀ. ಇರುವ, ನಡುವಿನ ಕಂಬ ಇಲ್ಲದ, ಮೂರು ಅಥವಾ ಹೆಚ್ಚೆಂದರೆ ನಾಲ್ಕು ಮಡಿಕೆಯ ಕಾರ್ಬನ್ ಫೈಬರ್ ಕಾಲುಗಳು. ತೂಕ ಇಳಿಸಬೇಕಾದರೆ ಎತ್ತರದಲ್ಲಿ ಇಳಿಸಿ, ಕಂಬವನ್ನು ಕೈಬಿಡಿ, ಮಡಿಕೆ ಕಡಿಮೆ ಮಾಡಿ. ಪೈಪಿನ ದಪ್ಪದಲ್ಲಿ ಮಾತ್ರ ಚೌಕಾಸಿ ಬೇಡ.

ಬರಿಗೈ_600 · ಸೋಮವಾರ ಬೆಳಿಗ್ಗೆ 6.30

ಲೆಕ್ಕ ಚೆನ್ನಾಗಿದೆ, ಆದರೆ ನಾನು ಒಪ್ಪುವುದಿಲ್ಲ. ಕಬಿನಿ, ಭದ್ರಾ, ರಂಗನತಿಟ್ಟು ಎಲ್ಲವನ್ನೂ ಕೈಯಲ್ಲೇ ಹಿಡಿದು ತೆಗೆದಿದ್ದೇನೆ. ದೋಣಿಯಲ್ಲಿ ಟ್ರೈಪಾಡ್ ಇಟ್ಟರೆ ದೋಣಿಯ ಓಲಾಟವೆಲ್ಲ ನೇರವಾಗಿ ಲೆನ್ಸಿಗೆ ಬರುತ್ತದೆ. ಜೀಪಿನಲ್ಲಿ ಕಾಲು ಚಾಚಲು ಜಾಗವೇ ಇಲ್ಲ. 1/2000 ಶಟರ್ ಇಟ್ಟು, ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸಂವೇದನೆ) ಏರಿಸಿದರೆ ಕೈಯ ನಡುಕ ಚಿತ್ರದಲ್ಲಿ ಕಾಣುವುದಿಲ್ಲ. ಐಎಸ್‌ಒ ಏರಿದಾಗ ಚಿತ್ರದಲ್ಲಿ ಮೂಡುವ ಕಣಕಣವಾದ ಚುಕ್ಕೆಗಳನ್ನು ತೆಗೆಯುವ ತಂತ್ರಾಂಶ ಈಗ ಬಹಳ ಸುಧಾರಿಸಿದೆ. ಹಾರುವ ಹೆಬ್ಬಾತನ್ನು ಹಿಂಬಾಲಿಸಲು ಕೈಗಿಂತ ಮಿಗಿಲಾದದ್ದು ಇಲ್ಲ. ಸೊಂಟ ನೋವಿರುವವರು ಎರಡೂವರೆ ಕಿಲೋ ಹೆಚ್ಚುವರಿ ಏಕೆ ಹೊರಬೇಕು? ಒಂಟಿ ಕಾಲಿನ ಕಾರ್ಬನ್ ಮೊನೊಪಾಡ್ ಒಂದು ತೆಗೆದುಕೊಳ್ಳಿ. ಲೆನ್ಸಿನ ಭಾರ ಭುಜದಿಂದ ಇಳಿಯುತ್ತದೆ, ನಡೆಯುವಾಗ ಊರುಗೋಲೂ ಆಗುತ್ತದೆ.

ಕೊಕ್ಕರೆ_ಹಾದಿ · ಸೋಮವಾರ ಬೆಳಿಗ್ಗೆ 7.20

ದೋಣಿ, ಜೀಪುಗಳ ವಿಷಯದಲ್ಲಿ ನಿಮ್ಮ ಮಾತು ಸರಿ. ಜೀಪಿಗೆ ಲೆನ್ಸಿನಡಿ ಇಡುವ ಕಾಳಿನ ಚೀಲಕ್ಕಿಂತ ಒಳ್ಳೆಯದು ಯಾವುದೂ ಇಲ್ಲ. ನಮ್ಮ ಮನೆಯಲ್ಲಿ ಹಳೆಯ ಜೀನ್ಸ್ ಪ್ಯಾಂಟಿನ ಕಾಲನ್ನು ಕತ್ತರಿಸಿ ಹೊಲಿದು ರಾಗಿ ತುಂಬಿಸಿದ್ದೇವೆ. ಹೆಸರುಕಾಳಿಗಿಂತ ರಾಗಿ ಸಣ್ಣದು, ಲೆನ್ಸಿನ ಆಕಾರಕ್ಕೆ ಮೆತ್ತಗೆ ಕೂರುತ್ತದೆ, ಆದರೆ ಮುಕ್ಕಾಲು ಪಾಲು ಮಾತ್ರ ತುಂಬಿಸಬೇಕು. ಬಸ್ಸಿನಲ್ಲಿ ಹೋಗುವಾಗ ಖಾಲಿ ಚೀಲ ಒಯ್ದು ಅಲ್ಲೇ ಅಂಗಡಿಯಲ್ಲಿ ಕಾಳು ಕೊಂಡು ತುಂಬಿಸಬಹುದು.

ಆದರೆ ಮೇಷ್ಟ್ರ ಕೆಲಸ ಬೇರೆ. ಅವರು ಒಡ್ಡಿನ ಮೇಲೆ ಒಂದೇ ಕಡೆ ಗಂಟೆಗಟ್ಟಲೆ ನಿಲ್ಲುತ್ತಾರೆ. ಹಕ್ಕಿ ಯಾವಾಗ ತಲೆ ತಿರುಗಿಸುತ್ತದೆ, ಯಾವಾಗ ರೆಕ್ಕೆ ಕೊಡವುತ್ತದೆ ಎಂದು ಲೆನ್ಸನ್ನು ಗುರಿಯಿಟ್ಟು ಕಾಯಬೇಕು. ಮೊನೊಪಾಡನ್ನು ಅಷ್ಟು ಹೊತ್ತು ಹಿಡಿದು ನಿಂತರೆ ಸೊಂಟದ ಗತಿ ಏನು? ಟ್ರೈಪಾಡ್ ಕೊಡುವುದು ಸ್ಥಿರತೆಯನ್ನು ಮಾತ್ರವಲ್ಲ, ತಾಳ್ಮೆಯನ್ನೂ ಕೊಡುತ್ತದೆ. ಸೂರ್ಯ ಹುಟ್ಟುವ ಹೊತ್ತಿನ ಮಂದ ಬೆಳಕಿನಲ್ಲಿ, ಹೆಚ್ಚು ಬೆಳಕು ಒಳಬಿಡದ ಎಫ್6.3 ಲೆನ್ಸಿನಲ್ಲಿ 1/2000 ಕೇಳಿದರೆ ಐಎಸ್‌ಒ ಎಲ್ಲಿಗೆ ಹೋಗುತ್ತದೆ ಎಂಬುದನ್ನೂ ನೋಡಿ. ಗರಿಯ ಎಳೆಗಳು ಉಳಿಯುವುದಿಲ್ಲ.

ಕಾಳಿ_ತೀರ · ಸೋಮವಾರ ಮಧ್ಯಾಹ್ನ 1.10

ದಾಂಡೇಲಿ ಕಡೆಯಿಂದ ನಮಸ್ಕಾರ. ಎಲ್ಲರೂ ಟ್ರೈಪಾಡಿನ ಬಗ್ಗೆ ಹೇಳುತ್ತಿದ್ದೀರಿ, ಗುರುಗಳು ಕೊಟ್ಟ ಇನ್ನೊಂದು ವಿವರವನ್ನು ಯಾರೂ ಗಮನಿಸಲಿಲ್ಲ. ಒಂಬತ್ತೂವರೆಯಿಂದ ಹನ್ನೊಂದು ಗಂಟೆ, ನೂರೈವತ್ತು ಮೀಟರ್ ದೂರ!

ಗುರುಗಳೇ, ಆ ಹೊತ್ತಿಗೆ ಬಯಲು ಸೀಮೆಯಲ್ಲಿ ನೆಲ ಕಾದಿರುತ್ತದೆ. ಬಿಸಿ ಗಾಳಿ ಮೇಲೇಳುತ್ತಾ ತಣ್ಣನೆಯ ಗಾಳಿಯೊಂದಿಗೆ ಬೆರೆಯುವಾಗ ಬೆಳಕು ಅಂಕುಡೊಂಕಾಗಿ ಬಾಗುತ್ತದೆ. ಬೇಸಿಗೆಯ ಡಾಂಬರು ರಸ್ತೆಯಲ್ಲಿ ಬಿಸಿಲ್ಗುದುರೆ ಕಾಣುವುದೂ ಬಿಸಿ ಗಾಳಿ ಬೆಳಕನ್ನು ಬಾಗಿಸುವುದರಿಂದಲೇ. 600 ಮಿ.ಮೀ. ಲೆನ್ಸ್ ಹಕ್ಕಿಯನ್ನು ಹಿಗ್ಗಿಸುವಂತೆಯೇ ಆ ಝಳವನ್ನೂ ಹಿಗ್ಗಿಸುತ್ತದೆ. ಕಾಂಕ್ರೀಟ್ ಕಂಬ ನೆಟ್ಟು ಅದರ ಮೇಲೆ ಕ್ಯಾಮೆರಾ ಕೂರಿಸಿದರೂ ಆ ಮಸುಕು ಹೋಗದು.

ಎರಡನ್ನೂ ಬೇರ್ಪಡಿಸುವುದು ಸುಲಭ. ಸತತವಾಗಿ ಹತ್ತು ಚಿತ್ರ ತೆಗೆಯಿರಿ. ಅಲುಗಾಟದಿಂದ ಕೆಟ್ಟಿದ್ದರೆ ಇಡೀ ಚಿತ್ರ ಒಂದೇ ದಿಕ್ಕಿನಲ್ಲಿ ಎಳೆದಂತೆ ಕಾಣುತ್ತದೆ. ಝಳದಿಂದ ಕೆಟ್ಟಿದ್ದರೆ ಒಂದು ಚಿತ್ರದಲ್ಲಿ ಕೊಕ್ಕು ಸರಿ, ಬೆನ್ನು ಮಸುಕು. ಮುಂದಿನದರಲ್ಲಿ ಬೆನ್ನು ಸರಿ, ಕೊಕ್ಕು ಸೊಟ್ಟ. ಶಟರ್ ವೇಗ ಏರಿಸಿದರೂ ಹಕ್ಕಿಯ ಅಂಚು ನೀರಿನಲ್ಲಿ ಅದ್ದಿದಂತೆಯೇ ಇರುತ್ತದೆ. 45 ಸಾವಿರ ಖರ್ಚು ಮಾಡುವ ಮೊದಲು ಒಂದು ದಿನ ಸೂರ್ಯೋದಯಕ್ಕೆ ಹೋಗಿ, ಎಂಟು ಗಂಟೆಯೊಳಗೆ ಮುಗಿಸಿ ನೋಡಿ.

ಪೀಣ್ಯ_ಫಿಟ್ಟರ್ · ಸೋಮವಾರ ಸಂಜೆ 6.45

ಮೇಡಂ ಹೇಳಿದ್ದು ನೂರಕ್ಕೆ ನೂರು ನಿಜ, ನನಗೆ ಹೊಳೆಯಲೇ ಇಲ್ಲ.

ಜೊತೆಗೆ ಈಗಿರುವ ಟ್ರೈಪಾಡನ್ನೇ ಒಂದು ಪರೀಕ್ಷೆಗೆ ಒಡ್ಡಿ ಸರ್. ಕಾಲುಗಳನ್ನು ಪೂರ್ತಿ ಎಳೆದು, ಕಂಬ ಎತ್ತಿ, ದೂರದ ಬೋರ್ಡಿನ ಅಕ್ಷರಕ್ಕೆ 600ರಲ್ಲಿ ಗುರಿ ಇಡಿ. ಸ್ಟೆಬಿಲೈಸರ್ ಆಫ್ ಮಾಡಿ. ಕ್ಯಾಮೆರಾದ ಹಿಂದಿನ ಪರದೆಯಲ್ಲಿ ಲೈವ್ ವ್ಯೂ ತೆರೆದು ಪೂರ್ತಿ ಹಿಗ್ಗಿಸಿ. ಲೆನ್ಸಿನ ತುದಿಗೆ ಬೆರಳಿನಿಂದ ಮೆಲ್ಲಗೆ ತಟ್ಟಿ, ಅಕ್ಷರ ನಿಲ್ಲಲು ಎಷ್ಟು ಸೆಕೆಂಡು ಬೇಕು ಎಣಿಸಿ. ಆಮೇಲೆ ಕಂಬ ಇಳಿಸಿ ಅದೇ ಪರೀಕ್ಷೆ, ಕೊನೆಯ ಎರಡು ಮಡಿಕೆ ಮುಚ್ಚಿ ಅದೇ ಪರೀಕ್ಷೆ. ನಿಮ್ಮ ವಿದ್ಯಾರ್ಥಿಗಳ ಎದುರಿಗೇ ಮಾಡಬಹುದಾದ ಪ್ರಯೋಗ ಇದು.

ಹೆಬ್ಬಾತು_ಲಕ್ಷ್ಮೇಶ್ವರ · ಬುಧವಾರ ರಾತ್ರಿ 9.00

ನಿನ್ನೆ ಶಾಲೆಯ ಮೈದಾನದಲ್ಲಿ ಮಕ್ಕಳನ್ನು ಸೇರಿಸಿಕೊಂಡು ಮಾಡಿದೆ. ಕಂಬ ಎತ್ತಿದಾಗ ಅಕ್ಷರ ನಿಲ್ಲಲು ಐದು ಸೆಕೆಂಡು. ಕಂಬ ಇಳಿಸಿದಾಗ ಮೂರು. ಕೊನೆಯ ಎರಡು ಮಡಿಕೆ ಮುಚ್ಚಿದಾಗ ಒಂದೂವರೆ! ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ‘ಸರ್, ಇದರ ಕೆಳಗಿನ ಕಾಲು ನಮ್ಮ ಕೊಡೆಯ ಕಡ್ಡಿಯ ಹಾಗಿದೆ’ ಎಂದಳು. ನಿಜವಾಗಿಯೂ ಹಾಗೇ ಇದೆ.

ಇವತ್ತು ಬೆಳಿಗ್ಗೆ ಆರೂವರೆಗೆ ಕೆರೆಗೆ ಹೋಗಿದ್ದೆ. ಕಂಬ ಇಳಿಸಿ, ಒಡ್ಡಿನ ಮೇಲೆ ಕುಳಿತು ತೆಗೆದೆ. ಏಳು ಗಂಟೆಯ ಚಿತ್ರಗಳಲ್ಲಿ ಕೆಲವು ನನ್ನ ಮೂರು ವರ್ಷದ ಎಲ್ಲ ಚಿತ್ರಗಳಿಗಿಂತ ಚೆನ್ನಾಗಿವೆ. ಶಾಲೆಗೆ ಅರ್ಧ ದಿನ ರಜೆ ಹಾಕಿದ್ದರಿಂದ ಹತ್ತೂವರೆಗೂ ತೆಗೆದೆ. ಕಾಳಿ ತೀರದ ಮೇಡಂ ಹೇಳಿದಂತೆಯೇ ಕೊಕ್ಕು ಒಂದರಲ್ಲಿ ನೆಟ್ಟಗೆ, ಇನ್ನೊಂದರಲ್ಲಿ ಸೊಟ್ಟ. ಮೂರು ವರ್ಷ ಲೆನ್ಸ್ ಸರಿಯಿಲ್ಲವೆಂದು ಕೊರಗಿದ್ದೆ.

ಆದರೂ ಏಳು ಗಂಟೆಯ ಚಿತ್ರಗಳಲ್ಲಿ ಅರ್ಧಕ್ಕರ್ಧ ಅಲುಗಿವೆ. ಸಣ್ಣ ಗಾಳಿ ಬೀಸಿದರೂ ಸಾಕು. ಕುಳಿತು ಎದ್ದು ಸೊಂಟವೂ ನೋಯುತ್ತಿದೆ. ಹಾಗಾಗಿ ಹೊಸ ಟ್ರೈಪಾಡ್ ಬೇಕೇ ಬೇಕು. ಹೆಸರು ಹೇಳಿ, ದಯವಿಟ್ಟು. ಹೆಡ್ ಯಾವುದಿರಬೇಕು ಎಂಬುದನ್ನೂ ತಿಳಿಸಿ.

ಪೀಣ್ಯ_ಫಿಟ್ಟರ್ · ಬುಧವಾರ ರಾತ್ರಿ 10.30

ಹೆಸರು ಓದುವುದನ್ನು ಕಲಿತರೆ ಅರ್ಧ ಕೆಲಸ ಮುಗಿಯುತ್ತದೆ. ಲಿಯೊಫೋಟೊ ಕಂಪನಿಯ ಎಲ್‌ಎಸ್‌-324ಸಿ ಎಂಬುದರಲ್ಲಿ 32 ಎಂದರೆ ಮೇಲಿನ ಪೈಪಿನ ಮಿ.ಮೀ., 4 ಎಂದರೆ ಮಡಿಕೆ, ಸಿ ಎಂದರೆ ಕಾರ್ಬನ್. ಅದೇ 323ಸಿ ಎಂದರೆ ಮೂರು ಮಡಿಕೆ, 364ಸಿ ಎಂದರೆ 36 ಮಿ.ಮೀ. ಗಿಟ್ಜೊ ಕಂಪನಿಯ ಸಂಖ್ಯೆಯಲ್ಲಿ ಮೊದಲ ಅಂಕಿ ಪೈಪಿನ ದಪ್ಪದ ಶ್ರೇಣಿ, ಮೂರನೆಯದು ಮಡಿಕೆ. ಜಿಟಿ3543 ಎಂದರೆ ಮೂರನೇ ಶ್ರೇಣಿ, ನಾಲ್ಕು ಮಡಿಕೆ. 1994ರಲ್ಲಿ ಮೊದಲ ಕಾರ್ಬನ್ ಫೈಬರ್ ಟ್ರೈಪಾಡ್ ತಂದವರು ಗಿಟ್ಜೊದವರೇ, ಈಗಲೂ ಅವರ ಕೆಲಸ ನೋಡಿದರೆ ಕಣ್ಣು ತಂಪಾಗುತ್ತದೆ. ಹೊಸದು ನಿಮ್ಮ ಬಜೆಟ್‌ಗೆ ಎಟುಕುವುದಿಲ್ಲ.

ನಿಮ್ಮ ಲೆನ್ಸಿಗೆ 324ಸಿ ಅಥವಾ ಅದೇ ಅಳತೆಯ ಬೇರೆ ಕಂಪನಿಯ ಕಾಲುಗಳು ಸಾಕು. ತೂಕ ಸುಮಾರು ಒಂದೂವರೆ ಕಿಲೋ, ನಡುವಿನ ಕಂಬ ಇಲ್ಲ. ಕಂಬ ಇಲ್ಲದೆ ಎತ್ತರ ಸಾಲದು ಎಂದು ಹೆದರಬೇಡಿ. ನಿಮ್ಮ ಕಣ್ಣು ನೆಲದಿಂದ ಸುಮಾರು 165 ಸೆಂಟಿಮೀಟರ್ ಎತ್ತರದಲ್ಲಿದೆ. ಗಿಂಬಲ್ ಹೆಡ್ (ಉದ್ದ ಲೆನ್ಸನ್ನು ತೂಗುಯ್ಯಾಲೆಯಂತೆ ಹಿಡಿಯುವ ಹೆಡ್) ಮತ್ತು ಅದಕ್ಕೆ ಕೂರುವ ಲೆನ್ಸಿನ ಪಾದ ಸೇರಿ ವ್ಯೂಫೈಂಡರನ್ನು ಮೂವತ್ತು ಸೆಂಟಿಮೀಟರ್ ಆಸುಪಾಸು ಎತ್ತುತ್ತವೆ. ಕಾಲುಗಳು 130ರಿಂದ 135 ಕೊಟ್ಟರೆ ನೀವು ನೆಟ್ಟಗೆ ನಿಲ್ಲಬಹುದು. ಒಡ್ಡಿನ ಇಳಿಜಾರಿನಲ್ಲಿ ನಿಂತಾಗ ಎರಡು ಕಾಲು ಇಳಿಜಾರಿನ ಕಡೆಗೆ ಇರಲಿ, ಒಂದು ಮೇಲಿನ ಕಡೆಗೆ.

ಅಲ್ಯೂಮಿನಿಯಂಗೂ ಕಾರ್ಬನ್‌ಗೂ ಇರುವ ವ್ಯತ್ಯಾಸ ತೂಕ ಮಾತ್ರವಲ್ಲ. ಅಲ್ಯೂಮಿನಿಯಂ ತಟ್ಟಿದರೆ ಗಂಟೆಯಂತೆ ಕಂಪಿಸುತ್ತಾ ಇರುತ್ತದೆ, ಒಳ್ಳೆಯ ಕಾರ್ಬನ್ ಪೈಪು ಕಂಪನವನ್ನು ಬೇಗ ನುಂಗುತ್ತದೆ. ಆದರೆ ತೆಳು ಕಾರ್ಬನ್‌ಗಿಂತ ದಪ್ಪ ಅಲ್ಯೂಮಿನಿಯಂ ಎಷ್ಟೋ ಮೇಲು, ಇದನ್ನು ಮರೆಯಬೇಡಿ.

ಕೊಕ್ಕರೆ_ಹಾದಿ · ಬುಧವಾರ ರಾತ್ರಿ 11.00

ಮೂರು ಮಡಿಕೆಯದೇ ಒಳ್ಳೆಯದು ಎಂಬುದು ನನ್ನ ಮತ. ಬೆಳಗಿನ ಕತ್ತಲಲ್ಲಿ ಹನ್ನೆರಡರ ಬದಲು ಒಂಬತ್ತು ಪೈಪು, ಅವನ್ನು ಬಿಗಿಮಾಡುವ ಆರು ಬೀಗ. ಕೆಳಗಿನ ಪೈಪೂ ದಪ್ಪ. ಮಡಚಿದಾಗ ಉದ್ದ ಹೆಚ್ಚು ಎಂಬುದೊಂದೇ ಕೊರತೆ, ಹೆಗಲಿಗೆ ಹಾಕಿಕೊಂಡು ನಡೆಯುವವರಿಗೆ ಅದರಿಂದ ತೊಂದರೆ ಇಲ್ಲ.

ಕಾಳಿ_ತೀರ · ಗುರುವಾರ ಬೆಳಿಗ್ಗೆ 10.20

ಗುರುಗಳು ಬಸ್ಸಿನಲ್ಲಿ ಹೋಗುವವರೇ ಎಂದು ಮೊದಲು ಕೇಳಬೇಕು. ನಾನು ಗಣೇಶಗುಡಿಗೆ ಬಸ್ಸಿನಲ್ಲೇ ಹೋಗುತ್ತೇನೆ, ಮೂರು ಮಡಿಕೆಯದನ್ನು ಸೀಟಿನ ಕೆಳಗೆ ತೂರಿಸಲು ಆಗುವುದಿಲ್ಲ. ನಾಲ್ಕು ಮಡಿಕೆಯದನ್ನು ಕೊಂಡು, ಕೊನೆಯದನ್ನು ಅಗತ್ಯವಿದ್ದಾಗ ಮಾತ್ರ ಎಳೆಯುವುದು ನನ್ನ ಪದ್ಧತಿ.

ಹೆಡ್ ವಿಷಯ. ಉದ್ದ ಲೆನ್ಸಿಗೆ ಬಾಲ್ ಹೆಡ್ ಅಪಾಯಕಾರಿ. ತಿರುಪು ಸಡಿಲಿಸಿದ ಕ್ಷಣದಲ್ಲೇ ಲೆನ್ಸ್ ಮೂಗಡಿಯಾಗಿ ಬೀಳುತ್ತದೆ, ಕೈಬೆರಳು ಸಿಕ್ಕಿಕೊಂಡರೆ ಜಜ್ಜಿಹೋಗುತ್ತದೆ. ಗಿಂಬಲ್ ಹೆಡ್‌ನಲ್ಲಿ ಲೆನ್ಸನ್ನು ತೂಗುಯ್ಯಾಲೆಯಂತೆ ಅದರ ಭಾರದ ಕೇಂದ್ರದಲ್ಲಿ ಕೂರಿಸುತ್ತೇವೆ. ಲೆನ್ಸಿನ ಪಾದಕ್ಕೆ ಹಾಕುವ ಪ್ಲೇಟನ್ನು ಹಿಂದೆ ಮುಂದೆ ಸರಿಸಿ ಸಮತೋಲ ಹಿಡಿದರೆ ತಿರುಪು ಪೂರ್ತಿ ಸಡಿಲವಿದ್ದರೂ ಲೆನ್ಸ್ ಬಿಟ್ಟಲ್ಲೇ ನಿಲ್ಲುತ್ತದೆ. ಒಂದು ಬೆರಳಿನಲ್ಲಿ ತಿರುಗಿಸಬಹುದು. ಹಾರುವ ಮಂಗಟ್ಟೆಯನ್ನು ನದಿಯ ಈ ದಡದಿಂದ ಆ ದಡದವರೆಗೆ ಹಿಂಬಾಲಿಸಲು ನನಗೆ ಅದರಿಂದಲೇ ಸಾಧ್ಯವಾಯಿತು. 150-600ರಲ್ಲಿ ಜೂಮ್ ಎಳೆದಾಗ ಲೆನ್ಸಿನ ಮೂತಿ ಮುಂದಕ್ಕೆ ಬರುವುದರಿಂದ ಸಮತೋಲವೂ ಬದಲಾಗುತ್ತದೆ. ನೀವು ಹೆಚ್ಚು ಬಳಸುವ 600ರಲ್ಲೇ ಹೊಂದಿಸಿಕೊಳ್ಳಿ. ಗಿಂಬಲ್‌ಗಳು ಒಂದರಿಂದ ಒಂದೂವರೆ ಕಿಲೋ ಇರುತ್ತವೆ, ನಿಮ್ಮ ಮಿತಿಗೆ ಒಂದು ಕಿಲೋದ್ದನ್ನೇ ಹುಡುಕಿ.

ಪ್ಲೇಟಿನ ಬಗ್ಗೆ ಕಳಕಳಿಯಿಂದ ಹೇಳುತ್ತೇನೆ. ಎರಡು ವರ್ಷದ ಹಿಂದೆ ಅಗ್ಗದ ಪ್ಲೇಟೊಂದನ್ನು ಒಂದೇ ಸ್ಕ್ರೂನಲ್ಲಿ ಲೆನ್ಸಿನ ಪಾದಕ್ಕೆ ಹಾಕಿದ್ದೆ. ದಾಸ ಮಂಗಟ್ಟೆಗಾಗಿ ಕಾಯುತ್ತಿದ್ದಾಗ ಹಿಡಿಕೆ ಸ್ವಲ್ಪ ಸಡಿಲಾಗಿ, ಪ್ಲೇಟ್ ಜಾರಿ, ಲೆನ್ಸ್ ಕ್ಯಾಮೆರಾ ಸಮೇತ ಕಲ್ಲಿನ ಮೇಲೆ ಬಿತ್ತು. ಲೆನ್ಸ್ ಕ್ಯಾಮೆರಾಗೆ ಕೂರುವ ಮೌಂಟ್ ಬಾಗಿತು. ರಿಪೇರಿ ಆಗುವವರೆಗೆ ಆ ಇಡೀ ಋತು ಕಳೆದುಹೋಯಿತು. ಪ್ಲೇಟಿನ ಎರಡೂ ತುದಿಗಳಲ್ಲಿ ಜಾರದಂತೆ ತಡೆಯುವ ಚಿಕ್ಕ ಸ್ಕ್ರೂಗಳು ಇರಲೇಬೇಕು. ಅಲೆನ್ ಕೀ ಸದಾ ಚೀಲದಲ್ಲಿರಲಿ, ಹೊರಡುವ ಮುನ್ನ ಪ್ರತಿ ಸಲವೂ ಬಿಗಿ ನೋಡಿ.

ಹಿಮದಲ್ಲಿ_ಗೂಬೆ · ಗುರುವಾರ ರಾತ್ರಿ 8.15

ಹಾಸನದವನು, ಈಗ ಅಮೆರಿಕದ ಮಿನೆಸೋಟಾದಲ್ಲಿದ್ದೇನೆ. ಚಳಿಗಾಲದಲ್ಲಿ ಸ್ಯಾಕ್ಸ್-ಜಿಮ್ ಜೌಗುಪ್ರದೇಶಕ್ಕೆ ಬೂದು ಗೂಬೆಗಳನ್ನು ನೋಡಲು ಹೋಗುತ್ತೇನೆ. ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗೆ ಅಲ್ಯೂಮಿನಿಯಂ ಕಾಲನ್ನು ಕೈಗವಸು ಇಲ್ಲದೆ ಮುಟ್ಟಲಾಗದು, ಕಾರ್ಬನ್‌ನಲ್ಲಿ ಆ ಕಷ್ಟ ಕಡಿಮೆ. ನಿಮಗೆ ಅದು ಬೇಕಿಲ್ಲ, ಆದರೆ ಗಾಳಿಯ ಕಾಟ ಎರಡೂ ಕಡೆ ಒಂದೇ. ಕ್ಯಾಮೆರಾದ ಕುತ್ತಿಗೆ ಪಟ್ಟಿಯನ್ನು ಬಿಚ್ಚಿಡಿ, ಗಾಳಿಗೆ ಅದು ಬಾವುಟದಂತೆ ಬಡಿದು ಲೆನ್ಸನ್ನು ನಡುಗಿಸುತ್ತದೆ. ಲೆನ್ಸಿನ ಮೂತಿಗೆ ಹಾಕುವ ಹುಡ್ ಕೂಡ ಗಾಳಿಯನ್ನು ಹಿಡಿಯುತ್ತದೆ. ಟ್ರೈಪಾಡಿನ ಕೊಕ್ಕೆಗೆ ಚೀಲ ತೂಗುಹಾಕುವುದಾದರೆ ಅದರ ತಳ ನೆಲಕ್ಕೆ ತಾಗುವಂತಿರಲಿ. ತೂಗಾಡುವ ಚೀಲದಿಂದ ಲಾಭಕ್ಕಿಂತ ನಷ್ಟವೇ ಹೆಚ್ಚು. ಎಡಗೈಯನ್ನು ಲೆನ್ಸಿನ ಮೇಲೆ, ಪಾದದ ನೇರಕ್ಕೆ ಭಾರ ಬಿಟ್ಟು ಇಡಿ, ಕಣ್ಣನ್ನು ವ್ಯೂಫೈಂಡರಿಗೆ ಒತ್ತಿ ಹಿಡಿಯಿರಿ. ನಮ್ಮ ದೇಹದ ಮೆತ್ತನೆಯೇ ಕಂಪನವನ್ನು ಅಡಗಿಸುತ್ತದೆ.

ಹೆಬ್ಬಾತು_ಲಕ್ಷ್ಮೇಶ್ವರ · ಗುರುವಾರ ರಾತ್ರಿ 9.10

ಸ್ಟೆಬಿಲೈಸರ್ ಬಗ್ಗೆ ಇನ್ನೊಂದು ಸಂದೇಹ. ಟ್ರೈಪಾಡ್ ಮೇಲೆ ಆಫ್ ಮಾಡಲೇಬೇಕೇ?

ಕೊಕ್ಕರೆ_ಹಾದಿ · ಗುರುವಾರ ರಾತ್ರಿ 9.25

ಹೆಡ್ ಬಿಗಿಯಾಗಿ ಲಾಕ್ ಆಗಿ, ನಿಧಾನ ಶಟರ್‌ನಲ್ಲಿ ಕುಳಿತ ಹಕ್ಕಿಯನ್ನು ತೆಗೆಯುವಾಗ ಆಫ್ ಮಾಡಿ. ಗಿಂಬಲ್ ಸಡಿಲಬಿಟ್ಟು ಕೈಯಲ್ಲಿ ಅತ್ತಿತ್ತ ತಿರುಗಿಸುವಾಗ ಆನ್ ಇದ್ದರೆ ಸಹಾಯವಾಗಬಹುದು. ನಿಮ್ಮ ಲೆನ್ಸಿನಲ್ಲಿ ಎರಡೂ ಬಗೆಯಲ್ಲಿ ಇಪ್ಪತ್ತಿಪ್ಪತ್ತು ಚಿತ್ರ ತೆಗೆದು ಹೋಲಿಸಿ. ಡಿ7500ರಲ್ಲಿ ಕನ್ನಡಿಯನ್ನು ಮೊದಲೇ ಮೇಲೆತ್ತುವ ವ್ಯವಸ್ಥೆ ಇದೆ. 1/60ಕ್ಕಿಂತ ನಿಧಾನವಾದಾಗ ಕನ್ನಡಿಯ ಬಡಿತವೂ ಚಿತ್ರ ಕೆಡಿಸುತ್ತದೆ, ಅದನ್ನು ಬಳಸಿ.

ಹೆಬ್ಬಾತು_ಲಕ್ಷ್ಮೇಶ್ವರ · ಮೂರು ವಾರಗಳ ನಂತರ, ಭಾನುವಾರ ಸಂಜೆ 7.30

ಎಲ್ಲರಿಗೂ ವರದಿ ಒಪ್ಪಿಸುವುದು ನನ್ನ ಕರ್ತವ್ಯ. ಕಳೆದ ವಾರ ಬೆಂಗಳೂರಿಗೆ ಹೋಗಿದ್ದೆ. ಕ್ಯಾಮೆರಾ, ಲೆನ್ಸ್ ಎರಡನ್ನೂ ಒಯ್ದಿದ್ದೆ. ಅಂಗಡಿಯವರು ಬೇಸರಿಸದೆ ನಾಲ್ಕು ಟ್ರೈಪಾಡ್‌ಗಳನ್ನು ಬಿಚ್ಚಿ ತೋರಿಸಿದರು. ಎದುರು ಕಟ್ಟಡದ ನೀರಿನ ಟ್ಯಾಂಕಿನ ಮೇಲಿನ ಬರಹಕ್ಕೆ ಗುರಿಯಿಟ್ಟು ಬೆರಳು ತಟ್ಟಿ ಎಣಿಸಿದೆ. 28 ಮಿ.ಮೀ. ಪೈಪಿನ ಕಾರ್ಬನ್ ಟ್ರೈಪಾಡ್ ಎರಡು ಸೆಕೆಂಡು ತೆಗೆದುಕೊಂಡಿತು. ಅದರ ಡಬ್ಬಿಯ ಮೇಲೆ 15 ಕಿಲೋ ಎಂದು ಬರೆದಿತ್ತು. 32ರದ್ದು ಎಣಿಸುವಷ್ಟರಲ್ಲಿ ನಿಂತಿತು. 36ರದ್ದೂ ಹಾಗೆಯೇ, ಆದರೆ ಕೈಗೆತ್ತಿಕೊಂಡಾಗ ಸೊಂಟ ಬೇಡವೆಂದಿತು.

32 ಮಿ.ಮೀ., ನಾಲ್ಕು ಮಡಿಕೆಯದನ್ನು ತೆಗೆದುಕೊಂಡೆ. ನಾನೂ ಬಸ್ಸಿನವನೇ ಮೇಡಂ. ಗಿಂಬಲ್ ಸೇರಿ ತೂಕ ಎಷ್ಟೆಂದು ನಮ್ಮ ಊರಿನ ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ಹಾಕಿಸಿದೆ. 2 ಕಿಲೋ 580 ಗ್ರಾಂ. ಮಿತಿ ಎಂಬತ್ತು ಗ್ರಾಂ ಮೀರಿದೆ, ಹಳೆಯ ಟ್ರೈಪಾಡಿನ ಚೀಲವನ್ನು ಮನೆಯಲ್ಲೇ ಬಿಟ್ಟು ಅದನ್ನು ಸರಿದೂಗಿಸಿದ್ದೇನೆ. ದುಡ್ಡು ಮೂರು ಸಾವಿರ ಹೆಚ್ಚಾಯಿತು. ಪ್ಲೇಟಿಗೆ ಎರಡೂ ತುದಿಯಲ್ಲಿ ತಡೆ ಸ್ಕ್ರೂ ಹಾಕಿಸಿದ್ದೇನೆ.

ಇವತ್ತು ಬೆಳಿಗ್ಗೆ ಆರು ಗಂಟೆಗೆ ಒಡ್ಡಿನ ಮೇಲಿದ್ದೆ. ಎರಡು ಕಾಲು ಇಳಿಜಾರಿಗೆ, ಒಂದು ಮೇಲಕ್ಕೆ. ನೆಟ್ಟಗೆ ನಿಂತು ನೋಡಿದೆ, ಬಗ್ಗಬೇಕಾಗಲಿಲ್ಲ. ಲೆನ್ಸ್ ಬಿಟ್ಟಲ್ಲೇ ನಿಂತಿತ್ತು. ಬೆಳಕು ಬರುವವರೆಗೆ ಕೈ ಜೇಬಿನಲ್ಲಿಟ್ಟು ಹಕ್ಕಿಗಳ ಕೂಗು ಕೇಳುತ್ತಾ ನಿಂತೆ. ಹೀಗೆ ನಿಂತು ಕೇಳಿದ್ದು ಈ ಮೂರು ವರ್ಷದಲ್ಲಿ ಇದೇ ಮೊದಲು. ಆರೂ ಐವತ್ತಕ್ಕೆ ಒಂದು ಹೆಬ್ಬಾತು ಕುತ್ತಿಗೆ ಹಿಂದಕ್ಕೆ ತಿರುಗಿಸಿ ಬೆನ್ನಿನ ಗರಿ ನೀವಿಕೊಳ್ಳತೊಡಗಿತು. 1/125, ಐಎಸ್‌ಒ 800. ಹದಿನಾಲ್ಕು ಚಿತ್ರ ತೆಗೆದೆ, ಒಂಬತ್ತರಲ್ಲಿ ಎರಡೂ ಪಟ್ಟೆಗಳ ಅಂಚು ಬರೆದಂತೆ ಮೂಡಿದೆ. ನೀರಿನ ಹನಿಯೊಂದು ಕೊಕ್ಕಿನ ತುದಿಯಲ್ಲಿ ನಿಂತಿರುವುದೂ ಕಾಣುತ್ತದೆ. ಎಂಟೂವರೆಗೆ ಝಳ ಶುರುವಾದದ್ದು ಕಂಡಿತು, ಲೆನ್ಸ್ ಮುಚ್ಚಿ ಮನೆಗೆ ಬಂದೆ.

ಒಂದೇ ತೊಂದರೆ. ನೀರಿನ ಅಂಚಿಗೆ ಇಳಿದಾಗ ಕೆಳಗಿನ ಬೀಗದೊಳಗೆ ಕೆಸರು ಸೇರಿ ಕರಕರ ಎನ್ನುತ್ತಿದೆ. ಏನು ಮಾಡಲಿ?

ಪೀಣ್ಯ_ಫಿಟ್ಟರ್ · ಭಾನುವಾರ ರಾತ್ರಿ 8.05

ಓದಿ ಬಹಳ ಸಂತೋಷವಾಯಿತು ಸರ್. ಕೆಸರಿದ್ದಾಗ ಕಾಲನ್ನು ಹಾಗೇ ಒಳಗೆ ತಳ್ಳಬೇಡಿ, ಮರಳಿನ ಕಣ ಕಾರ್ಬನ್‌ಗೆ ಗೀರು ಹಾಕುತ್ತದೆ. ಪೂರ್ತಿ ಎಳೆದು ಸಿಹಿನೀರಿನಲ್ಲಿ ತೊಳೆಯಿರಿ. ಆಮೇಲೆ ಬೀಗವನ್ನು ಕೊನೆಯವರೆಗೂ ತಿರುಗಿಸಿ ಬಿಚ್ಚಿ ಪೈಪನ್ನು ಹೊರಗೆಳೆಯಿರಿ. ಒಳಗೆ ಎರಡು ಪ್ಲಾಸ್ಟಿಕ್ ಪಟ್ಟಿಗಳು ಸಿಗುತ್ತವೆ, ಯಾವುದು ಯಾವ ಕಡೆ ಇತ್ತು ಎಂದು ಮೊಬೈಲಿನಲ್ಲಿ ಒಂದು ಚಿತ್ರ ತೆಗೆದಿಟ್ಟುಕೊಳ್ಳಿ. ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತಿರುಪಿನ ಸುತ್ತುಗಳನ್ನು ಉಜ್ಜಿ, ಒಣಗಿಸಿ, ತಿರುಪಿಗೆ ಮಾತ್ರ ಚೂರು ಗ್ರೀಸ್ ಹಚ್ಚಿ. ಪೈಪಿಗೆ ಎಣ್ಣೆ ತಾಗಿದರೆ ಹಿಡಿತ ಜಾರುತ್ತದೆ.

ಮುಂದಿನ ಸಲ ನೀರಿಗಿಳಿಯುವ ಮೊದಲು ಕೆಳಗಿನ ಮಡಿಕೆಯನ್ನೇ ಮೊದಲು ಎಳೆಯಿರಿ, ಮೇಲಿನವು ಆಮೇಲೆ. ಆಗ ಬೀಗ ಕೆಸರಿನಿಂದ ಮೇಲಿರುತ್ತದೆ.

ಕಾಳಿ_ತೀರ · ಭಾನುವಾರ ರಾತ್ರಿ 8.40

ಗುರುಗಳೇ, ಆ ಒಂಬತ್ತರಲ್ಲಿ ನೀರಿನ ಹನಿ ಇರುವ ಚಿತ್ರವನ್ನು ಇಲ್ಲಿ ಹಾಕಿ. ಆ ಒಂಬತ್ತನೆಯ ತರಗತಿಯ ಹುಡುಗಿಗೂ ಒಂದು ಪ್ರತಿ ಅಚ್ಚು ಹಾಕಿಸಿ ಕೊಡಿ.